ಎಂಜಲಿನಿಂದ ಕಿಡ್ನಿ ಕಾಯಿಲೆ ಗೊತ್ತಾಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. 16 ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದೇನೆ, ಮೂತ್ರದ ಡಬ್ಬಿ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಈಗೀಗ ಕೌಂಟರ್ ಮುಂದೆ ನಿಂತವರು ಮೊಬೈಲ್ ತೋರಿಸಿ, "ಎಂಜಲು ಟೆಸ್ಟ್ ಮಾಡಿದರೆ ಕಿಡ್ನಿ ವಿಷಯ ಗೊತ್ತಾಗುತ್ತಂತೆ, ನಿಮ್ಮಲ್ಲಿ ಇದೆಯಾ?" ಎಂದು ಕೇಳುತ್ತಾರೆ. ಸೂಜಿ ತಪ್ಪಿದರೆ ಸಾಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹಿಂದೆ ಹತ್ತು ಜನ ಕಾಯುತ್ತಿರುವಾಗ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಟೆಸ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎನ್ನುವುದಷ್ಟೇ ನನಗೆ ಗೊತ್ತಿರುವುದು.

ಮೊದಲು ಒಂದೇ ಮಾತಿನಲ್ಲಿ ಹೇಳಿ. ಗೊತ್ತಾಗುತ್ತಾ, ಇಲ್ವಾ?

ಕಾಯಿಲೆ ಮುಂದುವರಿದಿದ್ದರೆ ಸುಳಿವು ಸಿಗುತ್ತದೆ. ಶುರುವಿನಲ್ಲಿದ್ದರೆ ಸಿಗುವುದಿಲ್ಲ. ಎಂಜಲು ಪರೀಕ್ಷೆಯಲ್ಲಿ ಏನಾದರೂ ಜಾಸ್ತಿ ಬಂದರೆ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಏನೂ ಬರದಿದ್ದರೆ ಕಿಡ್ನಿ ಚೆನ್ನಾಗಿದೆ ಎಂದು ಮಾತ್ರ ಅಂದುಕೊಳ್ಳಬೇಡಿ.

ಕಿಡ್ನಿ ಇರುವುದು ಬೆನ್ನಿನ ಕಡೆ. ಬಾಯಿಗೂ ಅದಕ್ಕೂ ಏನು ಸಂಬಂಧ?

ಸಂಬಂಧ ರಕ್ತದ್ದು. ಕೆನ್ನೆಯ ಹಿಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಜೊಲ್ಲು ತಯಾರಿಸುವ ಗ್ರಂಥಿಗಳಿವೆ. ಅವು ನೀರನ್ನು ರಕ್ತದಿಂದಲೇ ಎಳೆದುಕೊಳ್ಳುತ್ತವೆ. ನೀರಿನ ಜೊತೆಗೆ ರಕ್ತದಲ್ಲಿರುವ ಕೆಲವು ಸಣ್ಣ ಪದಾರ್ಥಗಳೂ ಬರುತ್ತವೆ. ಅದರಲ್ಲಿ ಮುಖ್ಯವಾದದ್ದು ಯೂರಿಯಾ.

ನಾವು ತಿಂದ ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನ್ ದೇಹದಲ್ಲಿ ಬಳಕೆಯಾದ ಮೇಲೆ ಉಳಿಯುವ ಕಸವನ್ನು ಲಿವರ್ ಯೂರಿಯಾ ಮಾಡುತ್ತದೆ. ಅದನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದು. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅದರಲ್ಲಿ ಬೇಕಾದದ್ದನ್ನೆಲ್ಲ ವಾಪಸ್ ತೆಗೆದುಕೊಂಡು ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಬಿಡುತ್ತವೆ. ಆ ಕೆಲಸ ಕುಂಠಿತವಾದರೆ ಯೂರಿಯಾ ರಕ್ತದಲ್ಲೇ ನಿಲ್ಲುತ್ತದೆ. ರಕ್ತದಲ್ಲಿ ಏರಿದರೆ ಎಂಜಲಿನಲ್ಲೂ ಏರುತ್ತದೆ, ಯಾಕೆಂದರೆ ಯೂರಿಯಾ ತುಂಬಾ ಚಿಕ್ಕ ಕಣ, ಜೀವಕೋಶಗಳ ಗೋಡೆ ದಾಟಲು ಅದಕ್ಕೆ ಕಷ್ಟವಿಲ್ಲ. ಲೆಕ್ಕ ಇಷ್ಟೇ.

ಇದು ಹೊಸದಾಗಿ ಕಂಡುಹಿಡಿದದ್ದಾ?

ಅಲ್ಲ, ನೂರು ವರ್ಷ ಹಳೆಯದು! 1922ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ಯುವ ವೈದ್ಯರು ಮಾರ್ಥಾ ಆಲ್ಡ್ರಿಚ್ ಅವರ ಜೊತೆ ಸೇರಿ ಎಂಜಲಿನಲ್ಲಿರುವ ಯೂರಿಯಾ ಅಳೆದು ಲೇಖನ ಬರೆದರು. ಮರುವರ್ಷ, ಎಂಜಲು ನೋಡಿ ಕಿಡ್ನಿಯ ಸ್ಥಿತಿ ಅಂದಾಜು ಮಾಡಬಹುದೇ ಎಂಬುದರ ಬಗ್ಗೆ ಇನ್ನೊಂದು ಲೇಖನ ಬಂತು. ಇದೇ ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಬಂದಿದ್ದು ಬೇರೆ ಕೆಲಸಕ್ಕೆ, ಕಾರ್ಟಿಸೋನ್ ಸಂಶೋಧನೆಗೆ. ಆಮೇಲೆ ರಕ್ತ ಪರೀಕ್ಷೆ ಸುಲಭವಾಯಿತು, ಎಂಜಲಿನ ವಿಷಯ ಹಿಂದೆ ಬಿತ್ತು. ಕೋವಿಡ್ ಕಾಲದಲ್ಲಿ ಎಂಜಲು ಪರೀಕ್ಷೆ ಎನ್ನುವ ಮಾತು ಎಲ್ಲರ ಕಿವಿಗೆ ಬಿದ್ದ ಮೇಲೆ ಕಿಡ್ನಿಯ ಪ್ರಶ್ನೆಯೂ ಜನರ ಬಾಯಿಗೆ ಬಂದಿದೆ.

ಎಂಜಲಿನ ಯೂರಿಯಾ ನೋಡುವ ಕಾಗದದ ಸ್ಟ್ರಿಪ್ ಹೇಗೆ ಕೆಲಸ ಮಾಡುತ್ತದೆ?

ನಮ್ಮ ಲ್ಯಾಬ್‌ನ ಮೂತ್ರದ ಸ್ಟ್ರಿಪ್ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕಾಗದದ ತುದಿಯಲ್ಲಿ ಸಣ್ಣ ಚೌಕ. ಅದರಲ್ಲಿ ಯೂರಿಯೇಸ್ ಎನ್ನುವ ಕಿಣ್ವ ಮತ್ತು ಬಣ್ಣ ಬದಲಿಸುವ ಪದಾರ್ಥ ಹಾಕಿರುತ್ತಾರೆ. ಯೂರಿಯೇಸ್ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಕ್ಷಾರ, ಹಾಗಾಗಿ ಬಣ್ಣ ಬದಲಾಗುತ್ತದೆ. ಯೂರಿಯಾ ಎಷ್ಟು ಜಾಸ್ತಿಯೋ ಬಣ್ಣ ಅಷ್ಟು ಮುಂದಕ್ಕೆ ಹೋಗುತ್ತದೆ. ಒಂದು ನಿಮಿಷದ ಆಸುಪಾಸಿನಲ್ಲಿ ಚಾರ್ಟ್ ಪಕ್ಕ ಹಿಡಿದು ಹೋಲಿಸಿದರೆ ಆಯಿತು.

ಈ ಯೂರಿಯೇಸ್‌ಗೂ ಒಂದು ಕತೆ ಇದೆ. 1926ರಲ್ಲಿ ಜೇಮ್ಸ್ ಸಮ್ನರ್ ಎಂಬ ವಿಜ್ಞಾನಿ ಜ್ಯಾಕ್ ಬೀನ್ ಎನ್ನುವ, ನಮ್ಮ ಅವರೆಯಂಥ ಒಂದು ಕಾಳಿನಿಂದ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಕಿಣ್ವವೊಂದು ಹರಳಾಗಿ ಕೈಗೆ ಸಿಕ್ಕಿದ್ದು ಅದೇ ಮೊದಲು.

ಸ್ಟ್ರಿಪ್ ಕೊಡುವುದು ಅಂದಾಜು ಮಾತ್ರ ಎನ್ನುವುದು ನೆನಪಿರಲಿ. ಯಂತ್ರ 38 ಅಥವಾ 41 ಎಂದು ಬಿಡಿಯಾಗಿ ಹೇಳುತ್ತದೆ, ಸ್ಟ್ರಿಪ್‌ನ ಬಣ್ಣ "ಇಷ್ಟರಿಂದ ಇಷ್ಟರೊಳಗೆ" ಎನ್ನುತ್ತದೆ. ಟ್ಯೂಬ್‌ಲೈಟ್ ಕೆಳಗೆ ಒಂದು ಥರ ಕಂಡ ಬಣ್ಣ ಬಿಸಿಲಿನಲ್ಲಿ ಇನ್ನೊಂದು ಥರ ಕಾಣುವುದೂ ಉಂಟು.

ಡಾಕ್ಟರ್ ಯಾವಾಗಲೂ ಕ್ರಿಯಾಟಿನಿನ್ ಅನ್ನುತ್ತಾರೆ. ಅದನ್ನು ಎಂಜಲಿನಲ್ಲಿ ನೋಡಲು ಆಗಲ್ವಾ?

ನೋಡಬಹುದು. ಕ್ರಿಯಾಟಿನಿನ್ ಎಂದರೆ ಸ್ನಾಯುಗಳು ಕೆಲಸ ಮಾಡುವಾಗ ಉಳಿಯುವ ಕಸ, ಅದನ್ನೂ ಹೊರಗೆ ಹಾಕುವುದು ಕಿಡ್ನಿಯೇ. ಆದರೆ ಯೂರಿಯಾದಷ್ಟು ಸಲೀಸಾಗಿ ಕ್ರಿಯಾಟಿನಿನ್ ಎಂಜಲಿಗೆ ಬರುವುದಿಲ್ಲ. ಅದರ ಕಣ ಸ್ವಲ್ಪ ದೊಡ್ಡದು, ಗ್ರಂಥಿಯ ಗೋಡೆ ದಾಟುವುದು ಅದಕ್ಕೆ ಕಷ್ಟ. ಆರೋಗ್ಯವಾಗಿರುವವರ ಎಂಜಲಿನಲ್ಲಿ ರಕ್ತದಲ್ಲಿರುವುದರ ಸಣ್ಣ ಪಾಲು ಮಾತ್ರ ಇರುತ್ತದೆ.

ಪುದುಚೇರಿಯ ದಂತ ವೈದ್ಯಕೀಯ ಕಾಲೇಜೊಂದರ ತಂಡ ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. 105 ಕಿಡ್ನಿ ರೋಗಿಗಳು, 37 ಆರೋಗ್ಯವಂತರು. ಎಂಜಲಿನ ಕ್ರಿಯಾಟಿನಿನ್ 100 ಮಿಲಿಲೀಟರ್‌ಗೆ 0.2 ಮಿಲಿಗ್ರಾಂ ದಾಟಿದರೆ ಕಾಯಿಲೆ ಇದೆ ಎಂದು ಗೆರೆ ಎಳೆದಾಗ ರೋಗಿಗಳಲ್ಲಿ ಶೇ 97.14 ಜನ ಸಿಕ್ಕಿಬಿದ್ದರು. ಆರೋಗ್ಯವಂತರಲ್ಲಿ ಶೇ 86.5 ಜನರನ್ನು ಪರೀಕ್ಷೆ ಸರಿಯಾಗಿ "ಇಲ್ಲ" ಎಂದಿತು. ದಂತ ವೈದ್ಯರು ಕಿಡ್ನಿ ಬಗ್ಗೆ ಇಷ್ಟು ಒಳ್ಳೆಯ ಕೆಲಸ ಮಾಡಿದ್ದು ನನಗೆ ತುಂಬಾ ಖುಷಿ ಕೊಟ್ಟ ವಿಷಯ.

ನೂರಕ್ಕೆ 97 ಸಿಕ್ಕರೆ ಇನ್ನೇನು ಬೇಕು?

ಇಲ್ಲೇ ಸ್ವಲ್ಪ ನಿಧಾನಿಸಬೇಕು. ಆ ಅಧ್ಯಯನದಲ್ಲಿ ಒಂದು ಕಡೆ ಕಾಯಿಲೆ ಇದೆ ಎಂದು ಮೊದಲೇ ಗೊತ್ತಿದ್ದವರು, ಇನ್ನೊಂದು ಕಡೆ ಏನೂ ಇಲ್ಲದವರು. ಹಗಲು ಯಾವುದು, ರಾತ್ರಿ ಯಾವುದು ಎಂದು ಯಾರು ಬೇಕಾದರೂ ಹೇಳುತ್ತಾರೆ. ಮುಸ್ಸಂಜೆಯಲ್ಲಿ ದೀಪ ಹಚ್ಚುವ ಹೊತ್ತಾಯಿತಾ ಎಂದು ಹೇಳುವುದು ಕಷ್ಟ. ನಮ್ಮ ಕೌಂಟರ್‌ಗೆ ಬರುವವರಲ್ಲಿ ಜಾಸ್ತಿ ಜನ ಮುಸ್ಸಂಜೆಯವರು. ಬಿಪಿ ಇದೆ, ಸ್ವಲ್ಪ ಸುಸ್ತು, ಕಾಲು ಒಂಚೂರು ಊತ, ಕಿಡ್ನಿ ಹೇಗಿದೆಯೋ ಗೊತ್ತಿಲ್ಲ. ಅಂಥವರಲ್ಲಿ ಪರೀಕ್ಷೆ ಎಷ್ಟು ಸರಿ ಎನ್ನುವುದೇ ನಿಜವಾದ ಪ್ರಶ್ನೆ.

ಇನ್ನೊಂದು ವಿಷಯ ಲ್ಯಾಬ್‌ನವಳಾಗಿ ಹೇಳುತ್ತೇನೆ. 0.2 ಎಂದರೆ ಬಹಳ ಕಡಿಮೆ. ನಮ್ಮ ಯಂತ್ರಗಳು ರಕ್ತದಲ್ಲಿ ಬರುವ ಮಟ್ಟಕ್ಕೆ ಹೊಂದಿಸಿದಂಥವು. ಅಷ್ಟು ಕಡಿಮೆ ಇರುವಾಗ 0.1 ಹೆಚ್ಚುಕಮ್ಮಿ ಆಗುವುದು ಮಾಮೂಲು, ಆದರೆ ಇಲ್ಲಿ ಆ 0.1ರಲ್ಲೇ ಇಡೀ ತೀರ್ಪು ಉಲ್ಟಾ ಆಗಿಬಿಡುತ್ತದೆ.

ಆಸ್ಪತ್ರೆಯಲ್ಲಿ ನಿಜವಾಗಿ ಬಳಸಿ ನೋಡಿದ್ದಾರಾ?

ಹೌದು, ಆಫ್ರಿಕಾದ ಮಲಾವಿಯಲ್ಲಿ. ಅದು ತುಂಬಾ ಬಡ ದೇಶ. ಅಲ್ಲಿ ಲ್ಯಾಬ್‌ಗಳು ಕಡಿಮೆ, ಇದ್ದ ಕಡೆಯೂ ರಾಸಾಯನಿಕ ಖಾಲಿಯಾದರೆ ದಿನಗಟ್ಟಲೆ ಟೆಸ್ಟ್ ನಿಲ್ಲುತ್ತದೆ. ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಗೆ ಬಂದ 700ಕ್ಕೂ ಹೆಚ್ಚು ರೋಗಿಗಳ ಎಂಜಲನ್ನು ಯೂರಿಯಾ ಸ್ಟ್ರಿಪ್‌ನಿಂದ ನೋಡಿದರು, ಜೊತೆಗೆ ರಕ್ತವನ್ನೂ ಪರೀಕ್ಷಿಸಿದರು. ಅಮೆರಿಕದ ರೀನಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಕಿಡ್ನಿ ಸಂಶೋಧನಾ ಸಂಸ್ಥೆಯವರೂ ಇದರಲ್ಲಿದ್ದರು. ಫಲಿತಾಂಶ ಬಂದದ್ದು 2017ರಲ್ಲಿ.

ಗೊತ್ತಾದದ್ದು ಇದು. ಸ್ಟ್ರಿಪ್‌ನಲ್ಲಿ ಜಾಸ್ತಿ ಬಂದರೆ ಆ ಮಾತನ್ನು ಬಹುಮಟ್ಟಿಗೆ ನಂಬಬಹುದು, ಅಂಥವರಲ್ಲಿ ಹೆಚ್ಚಿನವರಿಗೆ ಕಿಡ್ನಿ ತೊಂದರೆ ಇದ್ದೇ ಇತ್ತು. ಆದರೆ ತೊಂದರೆ ಇದ್ದ ಎಷ್ಟೋ ಜನರನ್ನು ಸ್ಟ್ರಿಪ್ ಹಿಡಿಯಲೇ ಇಲ್ಲ. "ಇದೆ" ಎಂದರೆ ಕೇಳಬೇಕು, "ಇಲ್ಲ" ಎಂದರೆ ನಂಬಿ ಕೂರಬಾರದು. ನಾನು ಮೇಲೆ ಒಂದೇ ಮಾತಿನಲ್ಲಿ ಹೇಳಿದ್ದು ಇದರಿಂದಲೇ.

ಹಾಗಂತ ಅದು ಪ್ರಯೋಜನವಿಲ್ಲದ್ದು ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆ 60 ಕಿಲೋಮೀಟರ್ ದೂರ ಇರುವ ಕಡೆ, ನೂರು ಜನರಲ್ಲಿ ಯಾರನ್ನು ಮೊದಲು ಗಾಡಿ ಹತ್ತಿಸಬೇಕು ಎಂದು ನರ್ಸ್ ಒಬ್ಬರೇ ತೀರ್ಮಾನಿಸಬೇಕಾದಾಗ, ಈ ಸಣ್ಣ ಕಾಗದ ಒಂದು ಜೀವ ಉಳಿಸಬಹುದು.

ನಮ್ಮ ದೇಶದಲ್ಲಿ ಕೆಲಸ ನಡೆದಿದೆಯಾ?

ಪುದುಚೇರಿಯ ವಿಷಯ ಆಗಲೇ ಹೇಳಿದೆ. ಐಐಟಿ ದೆಹಲಿಯ ಸಂಶೋಧಕರು ಯೂರಿಯೇಸ್ ಹಾಕಿದ ಕಾಗದದ ಸ್ಟ್ರಿಪ್ ಮಾಡಿ, ಬಣ್ಣವನ್ನು ಸ್ಮಾರ್ಟ್‌ಫೋನ್ ಕ್ಯಾಮೆರಾದಿಂದ ಓದುವ ವಿಧಾನವನ್ನು 2018ರಲ್ಲಿ ಪ್ರಕಟಿಸಿದರು. ಕಣ್ಣಿನಿಂದ ನೋಡಿ ಬಣ್ಣ ಊಹಿಸುವ ತಾಪತ್ರಯ ಇದರಿಂದ ತಪ್ಪುತ್ತದೆ. ಒಳ್ಳೆಯ ದಾರಿ.

ನನಗೆ ಹತ್ತು ವರ್ಷದಿಂದ ಶುಗರ್ ಇದೆ. ಪ್ರತಿ ವರ್ಷ ರಕ್ತ, ಮೂತ್ರ ಕೊಡುವ ಬದಲು ಎಂಜಲು ಕೊಟ್ಟರೆ ನಡೆಯುತ್ತಾ?

ನಡೆಯುವುದಿಲ್ಲ. ದಯವಿಟ್ಟು ಈ ಉತ್ತರ ಪೂರ್ತಿ ಓದಿ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಶುಗರ್‌ನಿಂದ ಕಿಡ್ನಿ ಕೆಡುವಾಗ ಸಾಮಾನ್ಯವಾಗಿ ಮೊದಲು ಆಗುವುದು ಸೋರಿಕೆ. ಕಿಡ್ನಿಯ ಜರಡಿ ಹಾಳಾಗಿ ಅಲ್ಬುಮಿನ್ ಎನ್ನುವ ಪ್ರೋಟೀನ್ ಮೂತ್ರಕ್ಕೆ ಇಳಿಯಲು ಶುರುವಾಗುತ್ತದೆ. ಆಗ ಯೂರಿಯಾ ನಾರ್ಮಲ್, ಕ್ರಿಯಾಟಿನಿನ್ ನಾರ್ಮಲ್, ನಿಮಗೆ ಸುಸ್ತಿಲ್ಲ, ನೋವಿಲ್ಲ, ಊಟ ಸೇರುತ್ತದೆ, ಯಾರಾದರೂ ಕೇಳಿದರೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತೀರಿ. ಎಂಜಲಿನ ಯೂರಿಯಾ ಸ್ಟ್ರಿಪ್‌ಗೆ ಈ ಸೋರಿಕೆ ಕಾಣುವುದೇ ಇಲ್ಲ. ಅದು ಕಾಣುವುದು ಮೂತ್ರದಲ್ಲಿ. ಮೂತ್ರದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ಎಂಬ ಪರೀಕ್ಷೆ ಇದೆ, ಲ್ಯಾಬ್‌ನಲ್ಲಿ ಎಸಿಆರ್ ಎಂದು ಕೇಳಿ. ಅದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದ್ದು ಮೂರು ತಿಂಗಳಾದರೂ ಹಾಗೇ ಇದ್ದರೆ ಕಾಯಿಲೆ ಶುರುವಾಗಿದೆ ಎಂದರ್ಥ.

ಈ ಹಂತದಲ್ಲಿ ಸಿಕ್ಕರೆ ಮಾಡುವುದಕ್ಕೆ ಬೇಕಾದಷ್ಟಿದೆ. ಬಿಪಿ ಹತೋಟಿ, ಶುಗರ್ ಹತೋಟಿ, ಸೋರಿಕೆ ಕಡಿಮೆ ಮಾಡುವ ಮಾತ್ರೆಗಳು. ಡಯಾಲಿಸಿಸ್ ಅನ್ನು ವರ್ಷಗಟ್ಟಲೆ ಮುಂದೂಡಬಹುದು. ಕ್ರಿಯಾಟಿನಿನ್ ಏರುವುದು ಸುಮಾರು ಅರ್ಧ ಕಿಡ್ನಿ ಶಕ್ತಿ ಹೋದ ಮೇಲೆ. ಎಂಜಲಿನ ಯೂರಿಯಾ ಸ್ಪಷ್ಟವಾಗಿ ಏರುವ ಹೊತ್ತಿಗೆ ಇನ್ನೂ ತಡ. ಸೂಜಿ ತಪ್ಪಿಸಲು ಹೋಗಿ ಆ ವರ್ಷಗಳನ್ನು ಕಳೆದುಕೊಳ್ಳಬೇಡಿ. ಎಸಿಆರ್‌ಗೆ ಸೂಜಿಯೂ ಬೇಡ, ಬೆಳಗ್ಗೆಯ ಮೂತ್ರ ಒಂದು ಸಣ್ಣ ಡಬ್ಬಿಯಲ್ಲಿ ತಂದರೆ ಸಾಕು.

ಅಜ್ಜಿಗೆ ಸ್ಟ್ರಿಪ್ ನಾರ್ಮಲ್ ಬಂತು. ಆದರೂ ರಕ್ತ ಯಾಕೆ?

ಅಜ್ಜಿ ಏನು ಊಟ ಮಾಡುತ್ತಾರೆ ಎಂದು ನಾನು ಮೊದಲು ಕೇಳುತ್ತೇನೆ. ಹಲ್ಲಿಲ್ಲ, ಎರಡು ಹೊತ್ತು ಗಂಜಿ, ಒಂದು ಹೊತ್ತು ಮೆತ್ತಗಿನ ಮುದ್ದೆ, ತಿಳಿಸಾರು. ಪ್ರೋಟೀನ್ ಒಳಗೆ ಹೋಗದಿದ್ದರೆ ಯೂರಿಯಾ ತಯಾರಾಗುವುದೇ ಕಡಿಮೆ. ಲಿವರ್ ಕೆಟ್ಟಿದ್ದರೂ ಹಾಗೇ. ಆಗ ಕಿಡ್ನಿ ಸೋತಿದ್ದರೂ ಸ್ಟ್ರಿಪ್‌ನ ಬಣ್ಣ ಸುಮ್ನೆ ಇರಬಹುದು. ಪ್ರೋಟೀನ್ ಕಡಿಮೆ ತಿನ್ನುವ ಬಡವರು, ವಯಸ್ಸಾದವರು, ಇವರಲ್ಲೇ ಪರೀಕ್ಷೆ ಮೋಸ ಮಾಡುವ ಸಾಧ್ಯತೆ ಜಾಸ್ತಿ ಎನ್ನುವುದು ನನಗೆ ಸಂಕಟ ಕೊಡುವ ವಿಷಯ, ಯಾಕೆಂದರೆ ಅಗ್ಗದ ಪರೀಕ್ಷೆ ಬೇಕಿರುವುದೂ ಇವರಿಗೇ.

ಬಣ್ಣ ಜಾಸ್ತಿ ತೋರಿಸಿತು. ಕಿಡ್ನಿ ಹೋಯ್ತಾ?

ಹೆದರಬೇಡಿ, ಆದರೆ ಬಿಡಲೂಬೇಡಿ. ಯೂರಿಯಾ ಏರಲು ಬೇರೆ ಕಾರಣಗಳಿವೆ. ನೀರು ಕಡಿಮೆ ಕುಡಿದು ಬಿಸಿಲಿನಲ್ಲಿ ಕೆಲಸ ಮಾಡಿರಬಹುದು. ವಾಂತಿ ಭೇದಿ ಆಗಿರಬಹುದು. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಜಿಮ್‌ಗೆ ಹೋಗುವ ಹುಡುಗರು ಪ್ರೋಟೀನ್ ಪುಡಿ ಜಾಸ್ತಿ ಕುಡಿದಿರಬಹುದು. ಹೊಟ್ಟೆಯೊಳಗೆ ರಕ್ತಸ್ರಾವ ಆಗಿದ್ದರೂ ಯೂರಿಯಾ ಏರುತ್ತದೆ, ಆಗ ಮಲ ಟಾರಿನಂತೆ ಕಪ್ಪಗಿರುತ್ತದೆ, ಅದು ತುರ್ತು.

ಹೀಗಾಗಿ ರಕ್ತದ ಯೂರಿಯಾ ಕ್ರಿಯಾಟಿನಿನ್ ಎರಡನ್ನೂ ಆದಷ್ಟು ಬೇಗ ನೋಡಿಸಿ. ರಿಪೋರ್ಟ್ ಓದುವಾಗ ಒಂದು ಎಚ್ಚರ. ಕೆಲವು ಲ್ಯಾಬ್‌ಗಳು ಬ್ಲಡ್ ಯೂರಿಯಾ ಎಂದು ಬರೆಯುತ್ತವೆ, ಕೆಲವು ಬಿಯುಎನ್ ಎಂದು. ಬಿಯುಎನ್ ಎಂದರೆ ಯೂರಿಯಾದಲ್ಲಿರುವ ನೈಟ್ರೋಜನ್ ಮಾತ್ರ, ಹಾಗಾಗಿ ಎರಡೂ ಒಂದೇ ಅಂಕಿ ಅಲ್ಲ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಬಿಯುಎನ್ 18 ಇದ್ದದ್ದು ಇನ್ನೊಂದು ಲ್ಯಾಬ್‌ನಲ್ಲಿ ಯೂರಿಯಾ 38.5 ಆಗಿ ಬಂತು ಎಂದು ರಾತ್ರಿಯಿಡೀ ನಿದ್ದೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಪಾಪ, ಅಂಕಿ ಬೇರೆ, ಹೇಳುವ ವಿಷಯ ಒಂದೇ.

ಎಂಜಲು ಕೊಡುವಾಗ ಏನೇನು ನೋಡಿಕೊಳ್ಳಬೇಕು?

ಅರ್ಧದಿಂದ ಒಂದು ಗಂಟೆ ಏನೂ ತಿನ್ನಬಾರದು, ಕಾಫಿ ಟೀ ಕುಡಿಯಬಾರದು. ಆಗಷ್ಟೇ ಹಲ್ಲುಜ್ಜಿ ಬರಬೇಡಿ, ವಸಡಿನಿಂದ ಸ್ವಲ್ಪ ರಕ್ತ ಬಂದರೂ ಲೆಕ್ಕ ತಪ್ಪುತ್ತದೆ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಬಿಡಿ. ಆಮೇಲೆ ತಲೆ ಸ್ವಲ್ಪ ಬಗ್ಗಿಸಿ, ಬಾಯಲ್ಲಿ ತಾನಾಗಿ ತುಂಬಿದ ಜೊಲ್ಲನ್ನು ಡಬ್ಬಿಗೆ ಬಿಡಿ. ಗಂಟಲಿನಿಂದ ಕ್ಯಾಕರಿಸಿ ಕಫ ತೆಗೆಯಬೇಡಿ. ಜನ ಟಿಬಿ ಟೆಸ್ಟ್ ನೆನಪಿನಲ್ಲಿ ಅದನ್ನೇ ಮಾಡುತ್ತಾರೆ!

ಎಲೆ ಅಡಿಕೆ, ಗುಟ್ಕಾ ಹಾಕುವವರದ್ದು ದೊಡ್ಡ ಸಮಸ್ಯೆ. ಬಣ್ಣ ನೋಡಿ ಹೇಳುವ ಪರೀಕ್ಷೆಗೆ ಕೆಂಪು ಎಂಜಲು ಕೊಟ್ಟರೆ ಏನು ಓದುವುದು? ಸುಣ್ಣ ಕ್ಷಾರ ಬೇರೆ. ಕೆಲವು ಚ್ಯೂಯಿಂಗ್ ಗಮ್‌ಗಳಲ್ಲಿ ಕಾರ್ಬಮೈಡ್ ಇರುತ್ತದೆ, ಅದು ಯೂರಿಯಾದ್ದೇ ಇನ್ನೊಂದು ಹೆಸರು, ಅದನ್ನು ಅಗಿದು ಬಂದರೆ ಫಲಿತಾಂಶ ಹಾಳು. ಬಾಯಿ ಒಣಗುವ ಮಾತ್ರೆ ತಿನ್ನುವವರಿಗೆ ಜೊಲ್ಲೇ ಸಾಕಾಗುವುದಿಲ್ಲ. ಕೊಟ್ಟ ಮೇಲೆ ಡಬ್ಬಿಯನ್ನು ಬಿಸಿಲಿನಲ್ಲಿ ಇಟ್ಟುಕೊಂಡು ತಿರುಗಿದರೆ ಬಾಯಿಯ ಬ್ಯಾಕ್ಟೀರಿಯಾಗಳೇ ಯೂರಿಯಾ ತಿಂದು ಮುಗಿಸುತ್ತವೆ.

ಬಾಯಲ್ಲಿ ಲೋಹದ ರುಚಿ, ಮೂತ್ರದಂಥ ವಾಸನೆ. ಕಿಡ್ನಿಯದ್ದಾ?

ಇರಬಹುದು. ಯೂರಿಯಾ ತುಂಬಾ ಏರಿದಾಗ ಬಾಯಿಯ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತದೆ. ಸ್ಟ್ರಿಪ್ ಮೇಲೆ ನಡೆಯುವುದೇ ಬಾಯಿಯೊಳಗೆ ನಡೆಯುತ್ತದೆ. ಅದರಿಂದ ಆ ವಾಸನೆ, ಆ ರುಚಿ. ಇದೇ ಕ್ಷಾರದಿಂದಾಗಿ ಕಿಡ್ನಿ ರೋಗಿಗಳಲ್ಲಿ ಹಲ್ಲಿನ ಹುಳುಕು ಕಡಿಮೆ ಇದ್ದು ಹಲ್ಲಿನ ಮೇಲೆ ಗಟ್ಟಿ ಪಾಚಿ ಜಾಸ್ತಿ ಇರುವುದುಂಟು.

ನಾಲ್ಕು ವರ್ಷದ ಹಿಂದೆ ಒಬ್ಬ ಅಮ್ಮ ಬಂದಿದ್ದರು. ಐವತ್ತೆಂಟು ವಯಸ್ಸು. ಆರು ತಿಂಗಳಿನಿಂದ ಬಾಯಿ ರುಚಿ ಕೆಟ್ಟಿದೆ, ಪಿತ್ತ ಇರಬೇಕು ಎಂದು ಕಷಾಯ ಕುಡಿಯುತ್ತಿದ್ದರು. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ, ದಿನಾ. ಕೊನೆಗೆ ಬಾಯಿ ವಾಸನೆಗೆಂದು ಹಲ್ಲಿನ ಡಾಕ್ಟರ್ ಹತ್ತಿರ ಹೋದರು. ಆ ಡಾಕ್ಟರಮ್ಮ ಬಾಯಿ ನೋಡಿ, ಹಲ್ಲಿಗೆ ಕೈ ಹಾಕದೆ, ಮೊದಲು ರಕ್ತ ಕೊಟ್ಟು ಬನ್ನಿ ಎಂದು ನಮ್ಮಲ್ಲಿಗೆ ಕಳಿಸಿದರು. ಕ್ರಿಯಾಟಿನಿನ್ 9 ದಾಟಿತ್ತು. ನಾನು ಎರಡು ಸಲ ಯಂತ್ರ ಓಡಿಸಿ ನೋಡಿದೆ. ಬದಲಾಗಲಿಲ್ಲ. ಎಂಜಲು ಆರು ತಿಂಗಳಿನಿಂದ ಹೇಳುತ್ತಲೇ ಇತ್ತು.

ಆದರೆ ಬಾಯಿ ವಾಸನೆ ಇರುವವರಲ್ಲಿ ಹೆಚ್ಚಿನವರಿಗೆ ವಸಡಿನ ತೊಂದರೆ ಇರುತ್ತದೆ, ಕಿಡ್ನಿಯದ್ದಲ್ಲ. ಬಿಪಿ, ಶುಗರ್ ಇದ್ದು, ಊಟ ಸೇರದೆ, ಮುಖ ಕಾಲು ಊದುತ್ತಿದ್ದರೆ ಮಾತ್ರ ಬೇಗ ರಕ್ತ ಕೊಡಿ.

ಹಾಗಾದರೆ ನಾನು ಯಾವ ಟೆಸ್ಟ್ ಮಾಡಿಸಲಿ? ಎಷ್ಟು ಖರ್ಚು?

ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಎಸಿಆರ್. ಇವೆರಡು ಸಾಕು. ಸಣ್ಣ ಊರುಗಳ ಖಾಸಗಿ ಲ್ಯಾಬ್‌ಗಳಲ್ಲಿ ಕ್ರಿಯಾಟಿನಿನ್‌ಗೆ 100ರಿಂದ 200 ರೂಪಾಯಿ ಆಸುಪಾಸು. ಎಸಿಆರ್ ಸ್ವಲ್ಪ ದುಬಾರಿ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಉಚಿತವಾಗಿಯೋ ತೀರಾ ಕಡಿಮೆಗೋ ಆಗಬಹುದು.

ಕ್ರಿಯಾಟಿನಿನ್ ಬಂದ ಮೇಲೆ ಅಂಕಿ ನೋಡಿ ನಾರ್ಮಲ್ ಎಂದು ಮಡಚಿ ಇಡಬೇಡಿ. ಇಜಿಎಫ್‌ಆರ್ ಎಷ್ಟು ಎಂದು ಕೇಳಿ. ವಯಸ್ಸು, ಗಂಡೋ ಹೆಣ್ಣೋ ಎನ್ನುವುದನ್ನು ಸೇರಿಸಿ ಕಿಡ್ನಿಯ ಶಕ್ತಿ ಅಂದಾಜು ಮಾಡುವ ಲೆಕ್ಕ ಅದು. 30 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.2 ಇದ್ದರೆ 2021ರ ಸೂತ್ರದ ಪ್ರಕಾರ ಇಜಿಎಫ್‌ಆರ್ ಸುಮಾರು 83, ತೊಂದರೆ ಇಲ್ಲ. 70 ವರ್ಷದ ಹೆಂಗಸಿಗೆ ಅದೇ 1.2 ಇದ್ದರೆ ಸುಮಾರು 49. ಅದು 60ಕ್ಕಿಂತ ಕೆಳಗೆ, ಮೂರು ತಿಂಗಳು ಹಾಗೇ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಒಂದೇ ಅಂಕಿ, ಎರಡು ಬೇರೆ ಕತೆ.

ನಮ್ಮ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 2,091 ಜನರನ್ನು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಬಂತು. ಒಂದು ಸೂತ್ರದಲ್ಲಿ ಶೇ 6.3 ಜನರಿಗೆ ಕಾಯಿಲೆ, ಇನ್ನೊಂದು ಸೂತ್ರ ಹಾಕಿದರೆ ಶೇ 16ಕ್ಕೂ ಜಾಸ್ತಿ. ರಕ್ತವನ್ನೇ ತೆಗೆದು ಅಳೆದಾಗಲೂ ಇಷ್ಟು ವ್ಯತ್ಯಾಸ ಬರುತ್ತದೆ ಎಂದ ಮೇಲೆ, ಬಣ್ಣದ ಕಾಗದವೊಂದನ್ನೇ ನಂಬುವುದು ಹೇಗೆ ಹೇಳಿ.

ಅಪ್ಪ ಡಯಾಲಿಸಿಸ್‌ನಲ್ಲಿದ್ದಾರೆ. ಮನೆಯಲ್ಲೇ ಎಂಜಲು ನೋಡಿ, ಚೆನ್ನಾಗಿದ್ದರೆ ಒಂದು ಸಲ ತಪ್ಪಿಸಬಹುದಾ?

ಬೇಡ. ಖಂಡಿತಾ ಬೇಡ. ಡಯಾಲಿಸಿಸ್ ಆದ ಮೇಲೆ ಎಂಜಲಿನ ಯೂರಿಯಾ ಇಳಿಯುವುದು ನಿಜ. ಆದರೆ ಡಯಾಲಿಸಿಸ್ ತಪ್ಪಿಸಿದವರ ಪ್ರಾಣಕ್ಕೆ ಕುತ್ತು ತರುವುದು ಮುಖ್ಯವಾಗಿ ಪೊಟ್ಯಾಸಿಯಂ ಮತ್ತು ಶ್ವಾಸಕೋಶದಲ್ಲಿ ತುಂಬುವ ನೀರು. ಪೊಟ್ಯಾಸಿಯಂ ರಕ್ತದಲ್ಲಿ 3.5ರಿಂದ 5 ಇರಬೇಕು. ಎಂಜಲಿನಲ್ಲಿ ಅದು ಆರೋಗ್ಯವಂತರಿಗೂ ಅದರ ಹಲವು ಪಟ್ಟು ಇರುತ್ತದೆ, ಹಾಗಾಗಿ ಎಂಜಲು ನೋಡಿ ರಕ್ತದ ಪೊಟ್ಯಾಸಿಯಂ ಹೇಳಲು ಆಗುವುದಿಲ್ಲ. ಎಳನೀರು ಕುಡಿಯಬಹುದಾ, ಬಾಳೆಹಣ್ಣು ತಿನ್ನಬಹುದಾ ಎನ್ನುವುದಕ್ಕೂ ಸ್ಟ್ರಿಪ್ ಉತ್ತರ ಕೊಡುವುದಿಲ್ಲ. ಖರ್ಚಿನ ಚಿಂತೆಯಿಂದ ತಪ್ಪಿಸುವ ಯೋಚನೆ ಬಂದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್ ಕುಟುಂಬಗಳಿಗೆ ಉಚಿತ.

ಹಾವು ಕಡಿದವರಿಗೆ, ಇಲಿ ಜ್ವರ ಬಂದವರಿಗೆ ಕಿಡ್ನಿ ಹೋಗುತ್ತೆ ಅಂತಾರೆ. ಅಲ್ಲಿ ಇದು ಉಪಯೋಗ ಆಗಲ್ವಾ?

ನನ್ನ ಆಸೆ ಇರುವುದೇ ಇಲ್ಲಿ. ಮಂಡಲದ ಹಾವು ಕಡಿದಾಗ, ಮಲೆನಾಡು ಕರಾವಳಿಯಲ್ಲಿ ಮಳೆಗಾಲದ ಇಲಿ ಜ್ವರದಲ್ಲಿ, ಚೆನ್ನಾಗಿದ್ದ ಕಿಡ್ನಿ ಕೆಲವೇ ದಿನಗಳಲ್ಲಿ ನಿಂತುಬಿಡಬಹುದು. ಇಂಥ ಹಠಾತ್ ತೊಂದರೆ ಬೇಗ ಗೊತ್ತಾದರೆ ಎಷ್ಟೋ ಜನರ ಕಿಡ್ನಿ ಪೂರ್ತಿ ವಾಪಸ್ ಬರುತ್ತದೆ. ಲ್ಯಾಬ್ ಮುಚ್ಚಿದ ರಾತ್ರಿ ಹೊತ್ತಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೈಯಲ್ಲಿ ಇಂಥದ್ದೊಂದು ಸ್ಟ್ರಿಪ್ ಇದ್ದರೆ, ಬಣ್ಣ ಏರುತ್ತಿದೆ ಎಂದು ಕಂಡರೆ, ಬೆಳಗಾಗುವುದನ್ನು ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಂಥ ಕಡೆಯೇ ಇದನ್ನು ಸರಿಯಾಗಿ ಪರೀಕ್ಷಿಸಿ ನೋಡಲಿ ಎನ್ನುವುದು ನನ್ನ ಮನಸ್ಸು.

ಮನೆಯವರಿಗೆ ಮಾತ್ರ ಒಂದೇ ಮಾತು. ಹಾವು ಕಡಿದರೆ ಯಾವ ಟೆಸ್ಟಿಗೂ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮೂತ್ರ ಕಡಿಮೆ ಬರುತ್ತಿದೆಯಾ ಎಂದು ಗಮನಿಸುತ್ತಾ ಇರಿ. ದೊಡ್ಡವರಿಗೆ ದಿನಕ್ಕೆ 400 ಮಿಲಿಲೀಟರ್‌ಗಿಂತ ಕಡಿಮೆ ಎಂದರೆ ಅಪಾಯ.

ಮಕ್ಕಳಿಗೆ?

ಪದೇ ಪದೇ ಸೂಜಿ ಚುಚ್ಚಿಸಿಕೊಳ್ಳುವ ಮಗುವಿಗೆ ಎಂಜಲು ಪರೀಕ್ಷೆ ವರವೇ ಆಗಬಹುದು, ಆ ಬಗ್ಗೆ ಅಧ್ಯಯನಗಳೂ ಆಗಿವೆ. ಸದ್ಯಕ್ಕೆ ನಿಮ್ಮ ಮಕ್ಕಳ ಡಾಕ್ಟರ್ ಹೇಳಿದಂತೆ ರಕ್ತ, ಮೂತ್ರವೇ ಸರಿ.

ಬೆಳಗ್ಗೆ ಎದ್ದು ಲೋಟದ ನೀರಿಗೆ ಉಗುಳಿ, ಎಳೆ ಎಳೆಯಾಗಿ ಇಳಿದರೆ ಕಿಡ್ನಿ ಹಾಳು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂತು.

ಸುಳ್ಳು. ಬಾಯಿ ಒಣಗಿದ್ದರೆ ಯಾರ ಎಂಜಲೂ ಎಳೆಯಾಗಿಯೇ ಇಳಿಯುತ್ತದೆ. ಮುಂದಕ್ಕೆ ಕಳಿಸಬೇಡಿ.

ಕಿಡ್ನಿ ಕಾಯಿಲೆ ಎಂಜಲಿನಿಂದ ಹರಡುತ್ತಾ?

ಪರೀಕ್ಷೆಯ ಬಗ್ಗೆ ಕೇಳಲು ಬಂದವರು ಹೋಗುವಾಗ ದನಿ ತಗ್ಗಿಸಿ ಇದನ್ನೇ ಕೇಳುತ್ತಾರೆ. ಹರಡುವುದಿಲ್ಲ. ಎಂಜಲಿನಲ್ಲಿ ಯೂರಿಯಾ ಜಾಸ್ತಿ ಇರುವುದು ಸೋಂಕಲ್ಲ, ಅದು ನಿಮ್ಮ ನನ್ನ ಎಲ್ಲರ ಬಾಯಲ್ಲೂ ಇರುವುದೇ. ಡಯಾಲಿಸಿಸ್‌ನವರಲ್ಲಿ ಕೆಲವರಿಗೆ ಹೆಪಟೈಟಿಸ್ ಬಿ ಅಥವಾ ಸಿ ಎಂಬ ಲಿವರ್ ಸೋಂಕು ಇರಬಹುದು, ಅದು ಕೂಡ ಒಂದೇ ತಟ್ಟೆಯಲ್ಲಿ ಉಂಡರೆ ಹರಡುವಂಥದ್ದಲ್ಲ. ಬ್ರಷ್, ರೇಜರ್ ಮಾತ್ರ ಬೇರೆ ಇರಲಿ.

ನಮ್ಮಲ್ಲಿಗೆ ತಿಂಗಳು ತಿಂಗಳು ಬರುವ ಒಬ್ಬ ಹಿರಿಯರಿದ್ದಾರೆ. ಕಾಯಿಲೆ ಗೊತ್ತಾದ ದಿನದಿಂದ ಮನೆಯವರು ಅವರ ಲೋಟ, ತಟ್ಟೆ ಬೇರೆ ಇಟ್ಟಿದ್ದರು. ಬೈದು ಅಲ್ಲ, ಪ್ರೀತಿ ಇದ್ದೂ ಭಯದಿಂದ. ಒಂದು ದಿನ ಅವರ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಮುಂದಿನ ಸಲ ಬಂದಾಗ ಆ ಹಿರಿಯರು ಕ್ರಿಯಾಟಿನಿನ್ ಎಷ್ಟು ಬಂತು ಎಂದು ಕೇಳಲೇ ಇಲ್ಲ. "ಮೊಮ್ಮಗಳು ನನ್ನ ತಟ್ಟೆಯಿಂದ ಹಪ್ಪಳ ಮುರಿದುಕೊಂಡು ತಿಂದಳಮ್ಮ" ಎಂದರು.